ಅನ್ನವು ಕೊಬ್ಬಾಗುವ ಬಗೆ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಹೀಗೆ ಕೇಳಿದನು: "ಮೇಷ್ಟ್ರೇ, ನನಗೆ ಸಕ್ಕರೆ ಕಾಯಿಲೆ ಇರುವುದು ನಿಮಗೆ ಗೊತ್ತು. ತುಪ್ಪ ಬಿಟ್ಟು ಮೂರು ವರ್ಷವಾಯಿತು. ಕರಿದ ತಿಂಡಿ ಮುಟ್ಟುವುದಿಲ್ಲ. ಮೈಯೂ ದಪ್ಪವಿಲ್ಲ. ಆದರೂ ಸ್ಕ್ಯಾನಿಂಗ್ ವರದಿಯಲ್ಲಿ ಲಿವರ್‌ನಲ್ಲಿ ಕೊಬ್ಬು ತುಂಬಿದೆ ಎಂದು ಬರೆದಿದ್ದಾರೆ. ತಿನ್ನದ ಕೊಬ್ಬು ಎಲ್ಲಿಂದ ಬಂತು?"

ಇದೇ ಬಗೆಯ ಪ್ರಶ್ನೆಗಳು ನಮ್ಮ ಬಂಧುವರ್ಗದಲ್ಲಿಯೂ ಈಚೆಗೆ ಹೆಚ್ಚಾಗಿವೆ. ನಾನು ವೈದ್ಯನಲ್ಲ, ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಔಷಧೋಪಚಾರದ ಮಾತನ್ನು ನಿಮ್ಮ ನಿಮ್ಮ ವೈದ್ಯರಿಗೇ ಬಿಡುತ್ತೇನೆ. ಆದರೆ ಅವನು ಕೇಳಿದ ಪ್ರಶ್ನೆಯು ವಿಜ್ಞಾನದ ಚರಿತ್ರೆಯಲ್ಲಿ ಬಹಳ ಹಳೆಯದು. ಅದಕ್ಕೆ ತೃಪ್ತಿಕರವಾದ ಉತ್ತರ ದೊರೆಯಲು ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆ ಉತ್ತರವು ಇನ್ಸುಲಿನ್ ಕುರಿತು ನಮ್ಮಲ್ಲಿ ಬೇರೂರಿರುವ ಒಂದು ಭಾವನೆಯನ್ನು ಅಲುಗಾಡಿಸುವಂತಹದು. ಇನ್ಸುಲಿನ್ ಎಂದರೆ ರಕ್ತದ ಸಕ್ಕರೆಯನ್ನು ಇಳಿಸುವ ಹಾರ್ಮೋನು ಎಂದು ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಅದರ ಇನ್ನೊಂದು ಮುಖ ಕೊಬ್ಬಿನ ಕಡೆಗೆ ತಿರುಗಿದೆ.

ಕಥೆಯನ್ನು 1840ರ ದಶಕದ ಯುರೋಪಿನಿಂದ ಆರಂಭಿಸಬೇಕು. ಆಗ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಮತ್ತು ಫ್ರಾನ್ಸಿನ ದ್ಯೂಮಾ, ಬೂಸಿಂಗೋ ಇವರ ನಡುವೆ ಒಂದು ದೊಡ್ಡ ವಾಗ್ವಾದ ನಡೆದಿತ್ತು. ಪ್ರಾಣಿಯ ಮೈಯಲ್ಲಿರುವ ಕೊಬ್ಬು ಎಲ್ಲಿಂದ ಬರುತ್ತದೆ ಎಂಬುದೇ ವಾದದ ವಿಷಯ. ಕೊಬ್ಬನ್ನು ತಯಾರಿಸುವ ಶಕ್ತಿ ಇರುವುದು ಸಸ್ಯಗಳಿಗೆ ಮಾತ್ರ, ಪ್ರಾಣಿಗಳು ತಿಂದ ಮೇವಿನಲ್ಲಿರುವ ಕೊಬ್ಬನ್ನೇ ಎತ್ತಿ ಮೈಯಲ್ಲಿಟ್ಟುಕೊಳ್ಳುತ್ತವೆ ಎಂದು ಫ್ರೆಂಚರು ಹೇಳಿದರು. ಪಿಷ್ಟ ಮತ್ತು ಸಕ್ಕರೆಗಳಿಂದ ಪ್ರಾಣಿಯು ತಾನೇ ಕೊಬ್ಬನ್ನು ತಯಾರಿಸಬಲ್ಲುದು ಎಂಬುದು ಲೀಬಿಗ್‌ನ ವಾದ. ಬೂಸಿಂಗೋ ಪ್ರಾಮಾಣಿಕ ಮನುಷ್ಯ. ಬಾತುಗಳನ್ನೂ ಹಂದಿಗಳನ್ನೂ ತಾನೇ ಸಾಕಿ, ತೂಗಿ, ಪರೀಕ್ಷಿಸಿದ ಮೇಲೆ ಎದುರಾಳಿಯ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿಕೊಂಡನು. ಆಮೇಲೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕೇಂದ್ರದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು ಹಂದಿಗಳ ಮೇಲೆ ನಡೆಸಿದ ಪ್ರಯೋಗವು ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿತು. ಹಂದಿಯ ಮೈಯಲ್ಲಿ ಹೊಸದಾಗಿ ಶೇಖರವಾದ ಕೊಬ್ಬು ಅದು ತಿಂದ ಆಹಾರದಲ್ಲಿದ್ದ ಕೊಬ್ಬಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿದ್ದಿತು. ಉಳಿದದ್ದು ಪಿಷ್ಟದಿಂದಲೇ ಬಂದಿರಬೇಕು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ದೊರೆಯಿತು. ಅನ್ನ, ಮುದ್ದೆ, ಚಪಾತಿ, ಸಕ್ಕರೆ ಇವೆಲ್ಲವೂ ದೇಹದೊಳಗೆ ಕೊಬ್ಬಾಗಬಲ್ಲವು. ಆದರೆ ಹಾಗೆ ಆಗಬೇಕೆಂದು ಅಪ್ಪಣೆ ಕೊಡುವವರು ಯಾರು? ಆ ಪ್ರಶ್ನೆಯನ್ನು ಕೇಳಲು ಇನ್ನೂ ನೂರು ವರ್ಷ ಕಾಯಬೇಕಾಯಿತು.

1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದದ್ದು, 1921ರ ಬೇಸಿಗೆಯಲ್ಲಿ ಟೊರಾಂಟೋದಲ್ಲಿ ಮೆಕ್ಲಿಯಡ್‌ರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್‌ನ ಬೆನ್ನು ಹತ್ತಿದ್ದು, ಕಾಲಿಪ್ ಅದನ್ನು ಶುದ್ಧಗೊಳಿಸಿದ್ದು, 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದ್ದು, ಇವೆಲ್ಲ ನಿಮ್ಮಲ್ಲಿ ಅನೇಕರು ಓದಿರುವ ಸಂಗತಿಗಳು. ನಾನು ಇಲ್ಲಿ ನೆನಪಿಸಬೇಕೆಂದಿರುವುದು ಅಷ್ಟಾಗಿ ಗಮನಿಸದ ಒಂದು ವಿಷಯವನ್ನು. ಆ ಹುಡುಗನ ತೂಕ ಆಗ ಸುಮಾರು 29 ಕಿಲೋ ಮಾತ್ರ ಇದ್ದಿತು. ಇನ್ಸುಲಿನ್ ಇಲ್ಲದ ಮಕ್ಕಳ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿತ್ತು. ಮೈಯಲ್ಲಿನ ಕೊಬ್ಬು ಮಾತ್ರ ಕರಗಿಹೋಗಿ ಚರ್ಮ ಎಲುಬಿಗೆ ಅಂಟಿಕೊಂಡಿರುತ್ತಿತ್ತು. ಇನ್ಸುಲಿನ್ ಕೊಟ್ಟ ಕೆಲವೇ ತಿಂಗಳಲ್ಲಿ ಅವೇ ಮಕ್ಕಳ ಕೆನ್ನೆ ತುಂಬಿಕೊಂಡಿತು. ಚಿಕಿತ್ಸೆಗೆ ಮೊದಲು ಮತ್ತು ಅನಂತರ ತೆಗೆದ ಆ ಕಾಲದ ಛಾಯಾಚಿತ್ರಗಳನ್ನು ನೋಡಿದವರು ಮರೆಯಲಾರರು. ವೈದ್ಯರ ದೃಷ್ಟಿಯೆಲ್ಲ ಮೂತ್ರದ ಸಕ್ಕರೆಯ ಮೇಲೆ ನೆಟ್ಟಿದ್ದ ಆ ದಿನಗಳಲ್ಲಿ, ಹೋದ ಕೊಬ್ಬು ಹೇಗೆ ಮರಳಿ ಬಂತು ಎಂದು ವಿಚಾರಿಸಿದವರು ಕಡಿಮೆ.

ವಿಚಾರಿಸಲು ತಕ್ಕ ಉಪಕರಣವೂ ಇರಲಿಲ್ಲ. ದೇಹದೊಳಗೆ ಹೋದ ಸಕ್ಕರೆಯ ಅಣುವು ಎಲ್ಲಿ ಹೋಗಿ ಏನಾಯಿತೆಂದು ಗುರುತಿಸುವುದು ಹೇಗೆ? ಅದಕ್ಕೆ ದಾರಿ ತೋರಿಸಿದವನು ರುಡಾಲ್ಫ್ ಶೋನ್‌ಹೈಮರ್. ಅವನು ಯಹೂದಿ. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿಯನ್ನು ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದನು. ಅದೇ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿ 1931ರಲ್ಲಿ ಭಾರವಾದ ಹೈಡ್ರೋಜನ್, ಅಂದರೆ ಡ್ಯುಟೀರಿಯಂ ಅನ್ನು ಕಂಡುಹಿಡಿದಿದ್ದನು. ಯೂರಿಯ ಬಳಿ ಕಲಿತಿದ್ದ ರಿಟನ್‌ಬರ್ಗ್‌ನನ್ನು ಜೊತೆಗೆ ಸೇರಿಸಿಕೊಂಡು ಶೋನ್‌ಹೈಮರ್ 1935ರಲ್ಲಿ ಒಂದು ಉಪಾಯ ಹೂಡಿದನು. ದನದ ಕಿವಿಗೆ ಗುರುತಿನ ಬಿಲ್ಲೆ ಹಾಕಿ ಮೇಯಲು ಬಿಟ್ಟಂತೆ, ಅಣುಗಳಿಗೆ ಡ್ಯುಟೀರಿಯಂನ ಗುರುತು ಹಾಕಿ ಇಲಿಗಳಿಗೆ ತಿನ್ನಿಸಿ, ಆಮೇಲೆ ಅವು ಎಲ್ಲಿವೆಯೆಂದು ಹುಡುಕುವುದು. ಮೈಯ ಕೊಬ್ಬು ಉಗ್ರಾಣದಲ್ಲಿಟ್ಟ ಅಕ್ಕಿಮೂಟೆಯಂತೆ ಸುಮ್ಮನೆ ಬಿದ್ದಿರುತ್ತದೆ ಎಂಬ ಅಂದಿನ ನಂಬಿಕೆ ಹೀಗೆ ಮುರಿದುಬಿತ್ತು. ಕೊಬ್ಬು ದಿನವೂ ಕರಗುತ್ತದೆ, ದಿನವೂ ಹೊಸದಾಗಿ ತಯಾರಾಗುತ್ತದೆ. 1941ರಲ್ಲಿ, ನಲವತ್ಮೂರರ ಹರೆಯದಲ್ಲಿ, ಶೋನ್‌ಹೈಮರ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅವನ ಉಪನ್ಯಾಸಗಳು ಮರುವರ್ಷ ಪುಸ್ತಕವಾಗಿ ಪ್ರಕಟವಾದವು.

ಅವನ ಗುಂಪಿನಲ್ಲಿ ಕೆಲಸ ಮಾಡಿದ್ದ ಡಿವಿಟ್ ಸ್ಟೆಟನ್ 1944ರಲ್ಲಿ ಬಾಕ್ಸರ್ ಎಂಬುವರೊಡನೆ ಅದೇ ಉಪಾಯವನ್ನು ಮಧುಮೇಹದ ಇಲಿಗಳಿಗೆ ಅನ್ವಯಿಸಿದನು. ಆರೋಗ್ಯವಂತ ಇಲಿಯು ತಿಂದ ಗ್ಲೂಕೋಸಿನಲ್ಲಿ ಗ್ಲೈಕೋಜನ್ ಆಗುವ ಪಾಲಿಗಿಂತ ಕೊಬ್ಬಿನಾಮ್ಲವಾಗುವ ಪಾಲು ಹಲವು ಪಟ್ಟು ದೊಡ್ಡದು ಎಂದು ಕಂಡಿತು. ಅಲಾಕ್ಸಾನ್ ಎಂಬ ರಾಸಾಯನಿಕದಿಂದ ಮಧುಮೇಹ ತರಿಸಿದ ಇಲಿಗಳಲ್ಲಿ ಈ ಕೊಬ್ಬಿನ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಗಿದ್ದಿತು. ಇನ್ಸುಲಿನ್ ಕೊರತೆಯ ಮೊದಲ ಪೆಟ್ಟುಗಳಲ್ಲಿ ಒಂದು ಬೀಳುವುದು ಕೊಬ್ಬಿನ ಕಾರ್ಖಾನೆಯ ಮೇಲೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಅಪ್ಪಣೆ ಕೊಡುವವನು ಇನ್ಸುಲಿನ್.

ಮುಂದಿನ ಇಪ್ಪತ್ತು ವರ್ಷ ಕಾರ್ಖಾನೆಯ ಯಂತ್ರಗಳನ್ನು ಗುರುತಿಸುವುದರಲ್ಲಿ ಕಳೆಯಿತು. ಮ್ಯೂನಿಕ್‌ನ ಫಿಯೋಡರ್ ಲಿನೆನ್, ಅಮೆರಿಕದಲ್ಲಿ ನೆಲೆಸಿದ ಇರಾಕ್ ಮೂಲದ ಸಾಲಿಹ್ ವಕೀಲ್ ಇವರು ಈ ಭಾಗದ ನಾಯಕರು. ವಕೀಲ್ ಕಂಡ ಒಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕೊಬ್ಬಿನಾಮ್ಲ ತಯಾರಾಗಬೇಕಾದರೆ ಪರೀಕ್ಷಾನಳಿಕೆಯಲ್ಲಿ ಬೈಕಾರ್ಬನೇಟ್ ಇರಲೇಬೇಕಾಗಿತ್ತು. ಆದರೆ ಕೊನೆಗೆ ತಯಾರಾದ ಕೊಬ್ಬಿನಲ್ಲಿ ಅದರ ಕಾರ್ಬನ್ ಒಂದೂ ಇರುತ್ತಿರಲಿಲ್ಲ. ಮದುವೆ ಮಾಡಿಸಿ ಊಟಕ್ಕೆ ನಿಲ್ಲದೆ ಹೊರಟುಹೋಗುವ ಪುರೋಹಿತರಂತೆ! 1958ರಲ್ಲಿ ಗುಟ್ಟು ಹೊರಬಿದ್ದಿತು. ಎರಡು ಕಾರ್ಬನ್‌ಗಳ ಅಸಿಟೈಲ್ ತುಣುಕಿಗೆ ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವು ಒಂದು ಕಾರ್ಬನ್ ಸೇರಿಸಿ ಮಲೋನೈಲ್ ಆಗಿ ಮಾಡುತ್ತದೆ. ಫ್ಯಾಟಿ ಆಸಿಡ್ ಸಿಂಥೇಸ್ ಎಂಬ ಇನ್ನೊಂದು ದೊಡ್ಡ ಕಿಣ್ವವು ಆ ತುಣುಕುಗಳನ್ನು ಸರಪಳಿಯಾಗಿ ಪೋಣಿಸುವಾಗ ಸೇರಿಸಿದ ಕಾರ್ಬನ್ ಇಂಗಾಲದ ಡೈಆಕ್ಸೈಡ್ ಆಗಿ ಕಳಚಿಕೊಳ್ಳುತ್ತದೆ. ಈ ಎರಡು ಕಿಣ್ವಗಳ ಹೆಸರು ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತವೆ.

ಈಗ ವಿಷಯದ ಹೃದಯಕ್ಕೆ ಬಂದೆವು. ಮದುವೆಮನೆಯಲ್ಲಿ ನಿರೀಕ್ಷೆಗಿಂತ ಹೆಚ್ಚು ಜನ ಬಂದರೆ ಎರಡು ಬಗೆಯಲ್ಲಿ ನಿಭಾಯಿಸಬಹುದು. ಇರುವ ಅಡುಗೆಯವರಿಗೇ ಬೇಗ ಬೇಗ ಕೈ ಓಡಿಸಲು ಹೇಳುವುದು ಒಂದು. ಇನ್ನೂ ನಾಲ್ಕು ಜನ ಅಡುಗೆಯವರನ್ನು ಕರೆಸುವುದು ಇನ್ನೊಂದು. ದೇಹವು ಎರಡನ್ನೂ ಮಾಡುತ್ತದೆ. ಇಲಿಗಳನ್ನು ಎರಡು ದಿನ ಉಪವಾಸವಿಟ್ಟು ಅನಂತರ ಸಕ್ಕರೆ, ಪಿಷ್ಟ ಹೇರಳವಾಗಿರುವ ಆಹಾರ ಕೊಟ್ಟರೆ ಅವುಗಳ ಯಕೃತ್ತಿನಲ್ಲಿ ಕೊಬ್ಬು ತಯಾರಿಸುವ ಕಿಣ್ವಗಳು ಚುರುಕಾಗುವುದಷ್ಟೇ ಅಲ್ಲದೆ, ಅವುಗಳ ಪ್ರಮಾಣವೇ ಹಲವು ಪಟ್ಟು ಏರುತ್ತದೆ. ಮಧುಮೇಹದ ಇಲಿಗಳಲ್ಲಿ ಹಾಗೆ ಏರುವುದಿಲ್ಲ, ಇನ್ಸುಲಿನ್ ಕೊಟ್ಟರೆ ಏರುತ್ತದೆ. ಕಿಣ್ವ ಎಂದರೆ ಪ್ರೋಟೀನು, ಪ್ರೋಟೀನಿನ ನಕ್ಷೆ ಇರುವುದು ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ. ಹಾಗಾದರೆ ಜೀವಕೋಶದ ಹೊರಪೊರೆಯ ಬಾಗಿಲಿಗೆ ಬಂದು ನಿಲ್ಲುವ ಇನ್ಸುಲಿನ್‌ನ ಮಾತು ಒಳಗೆ ಕೋಶಕೇಂದ್ರದಲ್ಲಿ ಕುಳಿತ ಜೀನಿಗೆ ಕೇಳಿಸುವುದು ಹೇಗೆ? ನಡುವಿನ ದೂತ ಯಾರು?

ಆ ದೂತನು ಸಿಕ್ಕಿದ್ದು ಕೊಬ್ಬನ್ನು ಹುಡುಕುತ್ತಿದ್ದವರಿಗಿಂತ ಹೆಚ್ಚಾಗಿ ಕೊಲೆಸ್ಟರಾಲನ್ನು ಹುಡುಕುತ್ತಿದ್ದವರ ಕೈಗೆ. ಅಮೆರಿಕದ ಡಲ್ಲಾಸ್ ನಗರದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರ ಜೋಡಿ ವಿಜ್ಞಾನಲೋಕದಲ್ಲಿ ಅಪರೂಪವಾದದ್ದು. ದಶಕಗಳ ಕಾಲ ಒಂದೇ ಪ್ರಯೋಗಶಾಲೆ, ಲೇಖನಗಳಲ್ಲಿ ಇಬ್ಬರ ಹೆಸರೂ ಒಟ್ಟಿಗೆ. ರಕ್ತದಿಂದ ಕೊಲೆಸ್ಟರಾಲನ್ನು ಹೀರಿಕೊಳ್ಳುವ ಗ್ರಾಹಕವನ್ನು ಕಂಡುಹಿಡಿದದ್ದಕ್ಕೆ 1985ರಲ್ಲಿ ನೊಬೆಲ್ ಪಡೆದರು. ಅಷ್ಟಕ್ಕೆ ಸುಮ್ಮನಾಗದೆ, ಕೋಶದಲ್ಲಿ ಕೊಲೆಸ್ಟರಾಲ್ ಕಡಿಮೆಯಾದಾಗ ಆ ಗ್ರಾಹಕದ ಜೀನನ್ನು ಎಬ್ಬಿಸುವವರು ಯಾರು ಎಂದು ಹುಡುಕತೊಡಗಿದರು. 1993ರಲ್ಲಿ ಒಂದು ಪ್ರೋಟೀನು ಸಿಕ್ಕಿತು. ಅದಕ್ಕಿಟ್ಟ ಹೆಸರು ಸ್ಟೆರಾಲ್ ರೆಗ್ಯುಲೇಟರಿ ಎಲಿಮೆಂಟ್ ಬೈಂಡಿಂಗ್ ಪ್ರೋಟೀನ್. ಉಚ್ಚರಿಸಲು ಅನುಕೂಲವಾಗಲೆಂದು ನಾವು ಇದನ್ನು ಸ್ರೆಬ್‌ಪಿ ಎನ್ನೋಣ.

ಅದೇ 1993ರಲ್ಲಿ ಬಾಸ್ಟನ್ ನಗರದಲ್ಲಿ ಬ್ರೂಸ್ ಸ್ಪೀಗಲ್‌ಮನ್ ಅವರ ಗುಂಪು ಬೇರೆಯೇ ಜಾಡಿನಲ್ಲಿತ್ತು. ಸಾಮಾನ್ಯ ಕೋಶವು ಕೊಬ್ಬಿನ ಕೋಶವಾಗಿ ಬಲಿಯುವಾಗ ಯಾವ ಜೀನುಗಳು ಎಚ್ಚರಗೊಳ್ಳುತ್ತವೆ ಎಂಬುದು ಅವರ ಹುಡುಕಾಟ. ಇಲಿಯ ಕೊಬ್ಬಿನಿಂದ ಒಂದು ಪ್ರೋಟೀನನ್ನು ಗುರುತಿಸಿ ಅದಕ್ಕೆ ಎಡಿಡಿ-1 ಎಂದು ಹೆಸರಿಟ್ಟರು. ಆಮೇಲೆ ನೋಡಿದರೆ ಅದು ಡಲ್ಲಾಸಿನ ಸ್ರೆಬ್‌ಪಿಯೇ! ಒಬ್ಬರು ಕೊಲೆಸ್ಟರಾಲಿನ ಬಾಗಿಲಿನಿಂದ, ಇನ್ನೊಬ್ಬರು ಕೊಬ್ಬಿನ ಬಾಗಿಲಿನಿಂದ ಹೊಕ್ಕು ಒಂದೇ ಕೋಣೆಯಲ್ಲಿ ಎದುರಾದರು.

ಈ ಪ್ರೋಟೀನಿನ ಸ್ವಭಾವ ವಿಚಿತ್ರವಾದದ್ದು. ಅದು ಹುಟ್ಟುವಾಗಲೇ ಕಟ್ಟಿಹಾಕಿದ ಸ್ಥಿತಿಯಲ್ಲಿ ಹುಟ್ಟುತ್ತದೆ. ಕೋಶಕೇಂದ್ರದ ಹೊರಗಿರುವ ಪೊರೆಯೊಂದರಲ್ಲಿ ಹೇರ್‌ಪಿನ್ನಿನಂತೆ ಸಿಕ್ಕಿಕೊಂಡಿರುತ್ತದೆ. ಕರೆ ಬಂದಾಗ ಬೆಂಗಾವಲಿನ ಪ್ರೋಟೀನೊಂದು ಅದನ್ನು ಗಾಲ್ಜಿ ಸಂಕೀರ್ಣಕ್ಕೆ ಸಾಗಿಸುತ್ತದೆ. ಅಲ್ಲಿ ಎರಡು ಕಿಣ್ವಗಳು ಒಂದಾದಮೇಲೊಂದರಂತೆ ಅದನ್ನು ಕತ್ತರಿಸುತ್ತವೆ. ಕತ್ತರಿಸಿದ ತಲೆಯ ಭಾಗವು ಕೋಶಕೇಂದ್ರವನ್ನು ಹೊಕ್ಕು ಜೀನುಗಳನ್ನು ಎಬ್ಬಿಸುತ್ತದೆ. ಇದರಲ್ಲಿ ಮೂರು ಬಗೆಗಳಿವೆ. ಕೊಲೆಸ್ಟರಾಲಿನ ಕೆಲಸವನ್ನು ಮುಖ್ಯವಾಗಿ ನೋಡಿಕೊಳ್ಳುವುದು ಸ್ರೆಬ್‌ಪಿ-2. ನಮ್ಮ ಕಥೆಗೆ ಬೇಕಾದದ್ದು ಯಕೃತ್ತಿನಲ್ಲಿ ಹೇರಳವಾಗಿರುವ, ಕೊಬ್ಬಿನಾಮ್ಲದ ಜೀನುಗಳಿಗೆ ಮೀಸಲಾದಂತಿರುವ ಸ್ರೆಬ್‌ಪಿ-1ಸಿ.

1998 ಮತ್ತು 1999ನೆಯ ಇಸವಿಗಳು ಈ ಚರಿತ್ರೆಯಲ್ಲಿ ಸುಗ್ಗಿಯ ಕಾಲ. ಮೊದಲು ಸ್ಪೀಗಲ್‌ಮನ್ ಗುಂಪು, ಇನ್ಸುಲಿನ್ ಸೋಕಿಸಿದ ಕೊಬ್ಬಿನ ಕೋಶಗಳಲ್ಲಿ ಈ ದೂತನ ಪ್ರಮಾಣ ಏರುವುದನ್ನೂ ಅದರ ಬೆನ್ನಿಗೇ ಫ್ಯಾಟಿ ಆಸಿಡ್ ಸಿಂಥೇಸ್ ಜೀನು ಎಚ್ಚರಗೊಳ್ಳುವುದನ್ನೂ ತೋರಿಸಿತು. ಮರುವರ್ಷ ಡಲ್ಲಾಸಿನಲ್ಲಿ ಶಿಮೊಮುರಾ ಮತ್ತು ಸಂಗಡಿಗರು ಇಲಿಗಳ ಮೇದೋಜೀರಕದ ಇನ್ಸುಲಿನ್ ಕೋಶಗಳನ್ನು ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕದಿಂದ ನಾಶಮಾಡಿ ನೋಡಿದರು. ಯಕೃತ್ತಿನಲ್ಲಿ ಸ್ರೆಬ್‌ಪಿ-1ಸಿಯ ಸಂದೇಶವಾಹಕ ಆರ್‌ಎನ್‌ಎ ಕುಸಿದಿತ್ತು. ಇನ್ಸುಲಿನ್ ಕೊಟ್ಟೊಡನೆ ಅದು ಮೇಲೆದ್ದಿತು. ಅದರ ಸೋದರ ಬಗೆಗಳು ಹಾಗೆ ಏಳಲಿಲ್ಲ. ಪ್ಯಾರಿಸ್‌ನಲ್ಲಿ ಫೂಫೆಲ್ ಮತ್ತು ಫೆರೆ ಅವರ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇನ್ಸುಲಿನ್ ಇಲ್ಲದೆಯೇ ಯಕೃತ್ತಿನ ಕೋಶಗಳಿಗೆ ಸ್ರೆಬ್‌ಪಿ-1ಸಿಯ ಕತ್ತರಿಸಿದ ತಲೆಯನ್ನು ವೈರಸ್ಸಿನ ಮೂಲಕ ಒದಗಿಸಿದಾಗ ಕೊಬ್ಬು ತಯಾರಿಕೆಯ ಜೀನುಗಳು ತಾವಾಗಿಯೇ ಎದ್ದವು. ಅದನ್ನು ತಡೆಯುವ ಕೃತಕ ಪ್ರೋಟೀನನ್ನು ಒಳಬಿಟ್ಟಾಗ ಇನ್ಸುಲಿನ್ ಇದ್ದರೂ ಏಳಲಿಲ್ಲ. ದೂತನಿಲ್ಲದೆ ದೊರೆಯ ಮಾತು ನಡೆಯದು, ದೊರೆಯಿಲ್ಲದೆಯೂ ದೂತನ ಮಾತು ನಡೆಯುತ್ತದೆ. ವಿಜ್ಞಾನದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷ್ಯ ಸಿಗುವುದು ಕಷ್ಟ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಚೆಲುವಾದ ಪ್ರಯೋಗ ಇದೇ.

2001ರಲ್ಲಿ ಡಲ್ಲಾಸಿನಲ್ಲೇ ಕೊಸಾಕು ಉಯೆಡಾ ಅವರ ಗುಂಪು ಇನ್ನೊಬ್ಬ ದೂತನನ್ನು ಕಂಡಿತು. ಅವನ ಹೆಸರು ಕ್ರೆಬ್‌ಪಿ. ಇವನು ಇನ್ಸುಲಿನ್‌ನ ಮಾತಿಗೆ ಕಾಯದೆ ನೇರವಾಗಿ ಗ್ಲೂಕೋಸಿನ ಸುಳಿವು ಹಿಡಿದು ಕೋಶಕೇಂದ್ರವನ್ನು ಹೊಕ್ಕು ಅವೇ ಜೀನುಗಳನ್ನು ಎಬ್ಬಿಸುತ್ತಾನೆ. ಬ್ಯಾಂಕಿನ ಲಾಕರಿಗೆ ಎರಡು ಬೀಗದ ಕೈ ಇರುವಂತೆ ಇಲ್ಲಿಯೂ ವ್ಯವಸ್ಥೆಯಿದೆ. ಇನ್ಸುಲಿನ್‌ನ ಕೈ ಒಂದು, ಸಕ್ಕರೆಯ ಕೈ ಇನ್ನೊಂದು. ಎರಡೂ ಕೂಡಿದಾಗ ಕಾರ್ಖಾನೆಯ ಬಾಗಿಲು ಪೂರ್ಣ ತೆರೆಯುತ್ತದೆ. ಹೊಟ್ಟೆ ತುಂಬ ಅನ್ನ ಉಂಡ ಮೇಲೆ ಎರಡೂ ಒಟ್ಟಿಗೇ ಏರುತ್ತವೆಯಲ್ಲವೇ.

ಇಲ್ಲಿಯವರೆಗೆ ಎಲ್ಲವೂ ಸರಾಗ. ಆದರೆ ಒಂದು ತೊಡಕು ಉಳಿಯಿತು, ನನ್ನ ವಿದ್ಯಾರ್ಥಿಯ ಪ್ರಶ್ನೆಯ ಮರ್ಮವೂ ಅದೇ. ನಡುವಯಸ್ಸಿನಲ್ಲಿ ಬರುವ ಎರಡನೆಯ ಬಗೆಯ ಮಧುಮೇಹದಲ್ಲಿ ಬಹುಮಟ್ಟಿಗೆ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಇದನ್ನು ಇನ್ಸುಲಿನ್ ನಿರೋಧ ಎನ್ನುತ್ತಾರೆ. ಮಾತು ಕೇಳದಿದ್ದರೆ ಸಕ್ಕರೆ ಏರುವುದು ಸರಿ. ಆದರೆ ಕೊಬ್ಬಿನ ಕಾರ್ಖಾನೆಯೂ ನಿಲ್ಲಬೇಕಿತ್ತು. ಟೊರಾಂಟೋದ ಆ ಹುಡುಗನಂತೆ ಇವರೂ ಬಡವಾಗಬೇಕಿತ್ತು. ಆಗುವುದು ಮಾತ್ರ ತದ್ವಿರುದ್ಧ. ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ.

2000ನೆಯ ಇಸವಿಯಲ್ಲಿ ಶಿಮೊಮುರಾ, ಬ್ರೌನ್, ಗೋಲ್ಡ್‌ಸ್ಟೈನ್ ಈ ತೊಡಕನ್ನು ಇಲಿಗಳಲ್ಲಿ ಬಿಡಿಸಿ ನೋಡಿದರು. ಹುಟ್ಟಿನಿಂದಲೇ ಸ್ಥೂಲಕಾಯದ, ಮಧುಮೇಹದ ಇಲಿಗಳ ಯಕೃತ್ತಿನಲ್ಲಿ ಇನ್ಸುಲಿನ್‌ನ ಎರಡು ಆಜ್ಞೆಗಳಲ್ಲಿ ಒಂದು ಮಾತ್ರ ವಿಫಲವಾಗಿತ್ತು. 'ಹೊಸ ಗ್ಲೂಕೋಸ್ ತಯಾರಿಸಬೇಡ' ಎಂಬ ಆಜ್ಞೆಯನ್ನು ಯಕೃತ್ತು ಕೇಳುತ್ತಿರಲಿಲ್ಲ. 'ಕೊಬ್ಬು ತಯಾರಿಸು' ಎಂಬ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸುತ್ತಿತ್ತು. ಸ್ರೆಬ್‌ಪಿ-1ಸಿ ಅಲ್ಲಿ ಏರಿಯೇ ಇತ್ತು. 2008ರಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಇದನ್ನು ಆಯ್ದ ನಿರೋಧ ಎಂದು ಕರೆದು, ಮಧುಮೇಹದ ಮೂಲದಲ್ಲಿರುವ ವಿರೋಧಾಭಾಸವೇ ಇದು ಎಂದು ವಾದಿಸಿದರು.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಮೇಲಧಿಕಾರಿಯ ಸುತ್ತೋಲೆಯು ಎರಡು ವಿಭಾಗಗಳಿಗೆ ಹೋಗುತ್ತದೆ. ಒಂದು ವಿಭಾಗದವರು ಅದನ್ನು ಕಡತದಲ್ಲಿ ಸೇರಿಸಿ ಮರೆತುಬಿಡುತ್ತಾರೆ. ಇನ್ನೊಂದು ವಿಭಾಗದವರು ಚಾಚೂ ತಪ್ಪದೆ ನಡೆಸುತ್ತಾರೆ. ಮೊದಲನೆಯ ವಿಭಾಗದಲ್ಲಿ ಕೆಲಸ ನಡೆಯಲಿಲ್ಲವೆಂದು ಸಿಟ್ಟಾದ ಮೇಲಧಿಕಾರಿ ಜ್ಞಾಪನದ ಮೇಲೆ ಜ್ಞಾಪನ ಕಳುಹಿಸುತ್ತಾನೆ. ಆ ಪ್ರತಿಯೊಂದು ಜ್ಞಾಪನದ ಪ್ರತಿಯೂ ಎರಡನೆಯ ವಿಭಾಗಕ್ಕೆ ಹೋಗುತ್ತದೆ, ಅವರು ಪ್ರತಿ ಸಲವೂ ಕೆಲಸವನ್ನು ದುಪ್ಪಟ್ಟು ಮಾಡುತ್ತಾರೆ. ಏರಿದ ಸಕ್ಕರೆಯನ್ನು ಇಳಿಸಲು ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿದಷ್ಟೂ ಯಕೃತ್ತಿನ ಕೊಬ್ಬು ಹೆಚ್ಚುವುದು ಹೀಗೆ.

ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದು 2010ರಲ್ಲಿ ತಿಳಿಯಿತು. ಅದಕ್ಕೆ ನೆರವಾದದ್ದು ರಾಪಮೈಸಿನ್ ಎಂಬ ಔಷಧಿ. ಅದರ ಹಿಂದೆ ಭಾರತದಲ್ಲಿ ಓದಿದ ವಿಜ್ಞಾನಿಯೊಬ್ಬರಿದ್ದಾರೆ. ಪೆಸಿಫಿಕ್ ಸಾಗರದ ನಡುವಿನ ರಾಪಾ ನುಯಿ ದ್ವೀಪದಿಂದ 1964ರಲ್ಲಿ ಒಂದು ತಂಡ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಈ ವಸ್ತುವನ್ನು ಬೇರ್ಪಡಿಸಿದವರು ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು. ಮಾಂಟ್ರಿಯಲ್‌ನ ಅವರ ಪ್ರಯೋಗಶಾಲೆ ಮುಚ್ಚಿದಾಗ ಆ ಜೀವಿಯ ಮಾದರಿಯನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದವರೂ ಅವರೇ. ಈ ರಾಪಮೈಸಿನ್ ಕೋಶದೊಳಗಿನ ಎಂಟಾರ್ ಎಂಬ ಪ್ರೋಟೀನನ್ನು ತಡೆಯುತ್ತದೆ. ಡಲ್ಲಾಸಿನವರು ಇಲಿಯ ಯಕೃತ್ತಿನ ಕೋಶಗಳಿಗೆ ಇದನ್ನು ಕೊಟ್ಟಾಗ, ಇನ್ಸುಲಿನ್‌ನಿಂದ ಸ್ರೆಬ್‌ಪಿ-1ಸಿ ಏರುವುದು ನಿಂತಿತು. ಗ್ಲೂಕೋಸ್ ತಯಾರಿಕೆಯನ್ನು ಇನ್ಸುಲಿನ್ ಅಡಗಿಸುವುದು ಮಾತ್ರ ಎಂದಿನಂತೆ ನಡೆಯಿತು. ಕೊಬ್ಬಿನ ಕವಲು ಎಂಟಾರ್ ಮೂಲಕ ಹಾಯುತ್ತದೆ, ಸಕ್ಕರೆಯ ಕವಲು ಹಾಯುವುದಿಲ್ಲ ಎಂದಾಯಿತು.

ಇಲಿಯ ಮಾತು ಮನುಷ್ಯನಿಗೆ ಹೊಂದೀತೇ ಎಂದು ನೀವು ಕೇಳಬಹುದು. ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಇಂತಹ ಪ್ರಶ್ನೆ ಬಂದರೆ ನನಗೆ ಸಂತೋಷವಾಗುತ್ತಿತ್ತು. 2009ರಲ್ಲಿ ಕೇಂಬ್ರಿಜ್‌ನ ಸೆಂಪಲ್, ಸ್ಯಾವೇಜ್, ಓರಾಹಿಲಿ ಮತ್ತು ಸಂಗಡಿಗರು ಅದಕ್ಕೆ ಉತ್ತರ ಕೊಟ್ಟರು. ಅತಿ ವಿರಳವಾಗಿ ಕೆಲವರಲ್ಲಿ ಇನ್ಸುಲಿನ್ ಬಂದು ನಿಲ್ಲುವ ಬಾಗಿಲೇ, ಎಂದರೆ ಗ್ರಾಹಕವೇ, ಹುಟ್ಟಿನಿಂದ ಕೆಟ್ಟಿರುತ್ತದೆ. ಅವರಿಗೆ ಎರಡು ಆಜ್ಞೆಗಳೂ ಕೇಳಿಸುವುದಿಲ್ಲ. ಅಂತಹವರಲ್ಲಿ ಇನ್ಸುಲಿನ್ ನಿರೋಧ ತೀವ್ರವಾಗಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿರಲಿಲ್ಲ, ಟ್ರೈಗ್ಲಿಸರೈಡೂ ಸಾಮಾನ್ಯವಾಗಿತ್ತು. ಗ್ರಾಹಕ ಸರಿಯಿದ್ದು ಅದರ ಮುಂದಿನ ಎಕೆಟಿ-2 ಎಂಬ ಕೊಂಡಿ ಕೆಟ್ಟವರಲ್ಲಿ ಎರಡೂ ಏರಿದ್ದವು. ನಿಸರ್ಗವೇ ಮಾಡಿಟ್ಟ ಪ್ರಯೋಗವಿದು.

ನಮ್ಮ ಜನಕ್ಕೂ ಈ ಕಥೆಗೂ ನೇರ ನಂಟಿದೆ. 2006ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪೀಟರ್ಸನ್ ಮತ್ತು ಶುಲ್ಮನ್ ತೆಳ್ಳಗಿನ, ಆರೋಗ್ಯವಂತ ತರುಣರನ್ನು ಪರೀಕ್ಷಿಸಿದಾಗ ಭಾರತೀಯ ಮೂಲದ ಗಂಡಸರ ಯಕೃತ್ತಿನಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಕೊಬ್ಬು ಕಂಡಿತು. ಪುಣೆಯ ಡಾ. ಯಾಜ್ಞಿಕ್ ಅವರು ಅದಕ್ಕೂ ಮೊದಲೇ, ಅಲ್ಲಿನ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳದು 3.5 ಕಿಲೋ ಇದ್ದರೂ, ನಮ್ಮ ಕೂಸುಗಳಲ್ಲಿ ಸೊರಗಿರುವುದು ಸ್ನಾಯುವೇ ಹೊರತು ಕೊಬ್ಬು ಅಷ್ಟಾಗಿ ಅಲ್ಲ ಎಂದು ತೋರಿಸಿದ್ದರು. ಹೊಕ್ಕುಳಬಳ್ಳಿಯ ರಕ್ತದಲ್ಲಿಯೇ ನಮ್ಮ ಮಕ್ಕಳಿಗೆ ಇನ್ಸುಲಿನ್ ಹೆಚ್ಚು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಮೈಸೂರಿಗರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿಯೂ ಡಾ. ಕೃಷ್ಣವೇಣಿ ಮತ್ತು ಸಂಗಡಿಗರು ಇದನ್ನೇ ಕಂಡರು. ಸಣ್ಣ ಕೂಸು, ಆದರೆ ಬೆನ್ನಿನ ಚರ್ಮದಡಿಯಲ್ಲಿ ಕೊಬ್ಬು, ನಾಲ್ಕು ವರ್ಷವಾದಾಗಲೂ ಅದೇ ಲಕ್ಷಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜು ಮಾಡಿದುದನ್ನು ಇದರೊಡನೆ ಇಟ್ಟು ನೋಡಬೇಕು.

ತೆಳ್ಳಗಿನವರಲ್ಲಿ ಇದು ಹೇಗೆ ಆರಂಭವಾಗುತ್ತದೆ? ಶುಲ್ಮನ್ ಗುಂಪಿನ 2007ರ ಅಧ್ಯಯನ ಒಂದು ದಾರಿಯನ್ನು ತೋರಿಸುತ್ತದೆ. ಮೊದಲು ಇನ್ಸುಲಿನ್‌ನ ಮಾತು ಕೇಳದಾಗುವುದು ಸ್ನಾಯು. ಸ್ನಾಯುವಿನಲ್ಲಿ ಗ್ಲೈಕೋಜನ್ ಆಗಿ ಕೂಡಬೇಕಿದ್ದ ಸಕ್ಕರೆಯು ಅಲ್ಲಿ ಜಾಗ ಸಿಗದೆ ಯಕೃತ್ತಿನ ಕಡೆ ತಿರುಗುತ್ತದೆ. ಅಲ್ಲಿ ಏರಿದ ಇನ್ಸುಲಿನ್ ಮತ್ತು ಬಂದು ಸೇರಿದ ಸಕ್ಕರೆ, ಎರಡೂ ಬೀಗದ ಕೈಗಳು ಕೂಡುತ್ತವೆ. ಅಂತಹ ತರುಣರ ಯಕೃತ್ತಿನಲ್ಲಿ ಊಟದ ನಂತರ ಹೊಸ ಕೊಬ್ಬಿನ ತಯಾರಿಕೆ ಇಮ್ಮಡಿಗೂ ಹೆಚ್ಚಾಗಿತ್ತು. 2011ರಲ್ಲಿ ಅದೇ ಗುಂಪು ಇಂತಹವರಿಗೆ ಒಂದೇ ಒಂದು ಬಾರಿ 45 ನಿಮಿಷ ವ್ಯಾಯಾಮ ಮಾಡಿಸಿ ಊಟ ಕೊಟ್ಟಾಗ ಈ ತಯಾರಿಕೆ ಸುಮಾರು ಶೇಕಡ 30ರಷ್ಟು ಇಳಿದಿತ್ತು. ದುಡಿದ ಸ್ನಾಯುವು ಸಕ್ಕರೆಗೆ ಮತ್ತೆ ಬಾಗಿಲು ತೆರೆದಿತ್ತು. ಔಷಧಿಯಿಲ್ಲ, ಒಂದೇ ಸಲದ ಬೆವರು! ಇದನ್ನು ಓದಿದ ದಿನದಿಂದ ನನ್ನ ಸಂಜೆಯ ನಡಿಗೆ ತಪ್ಪಿಲ್ಲ.

ಹಾಗೆಂದು ಯಕೃತ್ತಿನ ಕೊಬ್ಬೆಲ್ಲವೂ ಅನ್ನದಿಂದಲೇ ಆದದ್ದು ಎಂದು ತಿಳಿಯಬಾರದು. 2005ರಲ್ಲಿ ಎಲಿಜಬೆತ್ ಪಾರ್ಕ್ಸ್ ಮತ್ತು ಸಂಗಡಿಗರು, ಶೋನ್‌ಹೈಮರ್ ಹಾಕಿಕೊಟ್ಟ ಗುರುತಿನ ಉಪಾಯವನ್ನೇ ಬಳಸಿ, ಕೊಬ್ಬು ತುಂಬಿದ ಯಕೃತ್ತಿನಲ್ಲಿ ಯಾವ ಮೂಲದ ಪಾಲು ಎಷ್ಟೆಂದು ಅಳೆದರು. ಮೈಯ ಕೊಬ್ಬಿನ ಸಂಗ್ರಹದಿಂದ ಕರಗಿ ರಕ್ತದ ಮೂಲಕ ಬಂದದ್ದು ಶೇಕಡ 59. ಯಕೃತ್ತು ತಾನೇ ಹೊಸದಾಗಿ ತಯಾರಿಸಿದ್ದು 26. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು 15. ನನ್ನ ವಿದ್ಯಾರ್ಥಿಯು ಬಿಟ್ಟ ತುಪ್ಪ ಸೇರುವುದು ಈ ಕೊನೆಯ 15ರಲ್ಲಿ. ಶುಲ್ಮನ್ ಅಂತೂ ಆ ದೊಡ್ಡ 59ನ್ನೇ ಹಿಡಿದು, ಜೀನುಗಳ ಪಾತ್ರಕ್ಕೆ ಡಲ್ಲಾಸಿನವರು ಕೊಡುವಷ್ಟು ತೂಕ ಕೊಡಬೇಕಾಗಿಲ್ಲ ಎಂದು ವಾದಿಸುತ್ತಾರೆ. ಇಬ್ಬರ ವಾದದಲ್ಲಿಯೂ ಸತ್ಯಾಂಶವಿದೆಯೆಂದು ನನ್ನ ಎಣಿಕೆ. ಆರೋಗ್ಯವಂತರು ಉಪವಾಸವಿದ್ದಾಗ ಹೊಸ ತಯಾರಿಕೆಯ ಪಾಲು ಬಹಳ ಸಣ್ಣದಾಗಿರುತ್ತದೆ, ಈ ರೋಗಿಗಳಲ್ಲಿ ಅದು ಉಪವಾಸದಲ್ಲಿಯೂ ಇಳಿಯದೆ ನಿಂತಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಾರ್ಖಾನೆಯನ್ನೇ ಮುಚ್ಚಿಸಿದರೆ ಆಗದೇ ಎಂಬ ಯೋಚನೆಯೂ ಬಂದಿತು. ವಕೀಲ್ ಕಂಡುಹಿಡಿದ ಆ ಮೊದಲ ಕಿಣ್ವವನ್ನು, ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸನ್ನು, ಯಕೃತ್ತಿನಲ್ಲಿ ಮಾತ್ರ ತಡೆಯುವ ಔಷಧಿಯೊಂದನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಯಕೃತ್ತಿನ ಕೊಬ್ಬು ಶೇಕಡ 36ರಷ್ಟು ಇಳಿದಿತ್ತು. ಎಲ್ಲರೂ ಹಿಗ್ಗಬೇಕಾದ ಹೊತ್ತಿನಲ್ಲಿ ರಕ್ತಪರೀಕ್ಷೆ ಬೇರೆಯೇ ಮಾತು ಹೇಳಿತು. ಟ್ರೈಗ್ಲಿಸರೈಡ್ ಶೇಕಡ 200ರಷ್ಟು ಮೇಲೇರಿತ್ತು! ಕಾರಣ ಹುಡುಕಿದಾಗ ಸಿಕ್ಕಿದವನು ನಮ್ಮ ಹಳೆಯ ಪರಿಚಿತನೇ. ಕಾರ್ಬಾಕ್ಸಿಲೇಸ್ ನಿಂತರೆ ಮಲೋನೈಲ್ ಇಲ್ಲ. ಮಲೋನೈಲ್ ಇಲ್ಲದಿದ್ದರೆ ಆಹಾರದಿಂದ ಬಂದ ಕೆಲವು ಕೊಬ್ಬಿನಾಮ್ಲಗಳನ್ನು ಉದ್ದಮಾಡಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಪಡೆಯಲಾಗದು. ಸ್ರೆಬ್‌ಪಿ-1ಸಿಗೆ ಕಡಿವಾಣ ಹಾಕುತ್ತಿದ್ದದ್ದು ಆ ಕೊಬ್ಬಿನಾಮ್ಲಗಳೇ. ಕಡಿವಾಣ ಸಡಿಲವಾದ ಸ್ರೆಬ್‌ಪಿ-1ಸಿ ಎಚ್ಚೆತ್ತು, ಇರುವ ಕೊಬ್ಬನ್ನು ಟ್ರೈಗ್ಲಿಸರೈಡಿನ ಮೂಟೆ ಕಟ್ಟಿ ರಕ್ತಕ್ಕೆ ಸಾಗಿಸುವ ಕೆಲಸಕ್ಕೆ ಚಾಲನೆ ಕೊಟ್ಟಿತ್ತು.

2023ರಲ್ಲಿ ವೈದ್ಯರು ಈ ಕಾಯಿಲೆಯ ಹೆಸರನ್ನೇ ಬದಲಾಯಿಸಿದರು. ಮೊದಲು 'ಮದ್ಯಪಾನದಿಂದಲ್ಲದ' ಯಕೃತ್ತಿನ ಕೊಬ್ಬು ಎಂದು, ಯಾವುದರಿಂದ ಅಲ್ಲವೋ ಅದರಿಂದ ಕರೆಯುತ್ತಿದ್ದರು. ಈಗ ದೇಹದ ಚಯಾಪಚಯದ ಏರುಪೇರಿನ ಹೆಸರಿನಿಂದ ಕರೆಯುತ್ತಾರೆ. 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಕಾಯಿಲೆಯ ಮುಂದುವರಿದ ಹಂತಕ್ಕೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿ ಅದು. ಅದು ಇನ್ಸುಲಿನ್‌ನ ದಾರಿಯನ್ನು ಬಿಟ್ಟು ಥೈರಾಯ್ಡ್ ಹಾರ್ಮೋನಿನ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆ. ಆ ಕಥೆ ಬೇರೆ, ಬಿಡುವಾದಾಗ ಬರೆಯುತ್ತೇನೆ.